ಒಗೆಯದ ಸೀರೆಯ ಜೋಲಿ

ದೇವಸಮುದ್ರದ ಆ ದಿನಗಳು ಮಳೆಗಾಲದ ಕೊನೆಯವೆಂದೇ ಬಹುಕಾಲ ನಂಬಿದ್ದೆ. ಆದರೆ ಆಗ ಕೆರೆಯಲ್ಲಿ ಹೂಳೆತ್ತುವ ಕೂಲಿ ಕೆಲಸ ನಡೆದಿತ್ತು. ನೀರು ನಿಂತಿದ್ದರೆ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಬೇಸಗೆಯೆಂದು ತಿದ್ದಿಕೊಂಡಿದ್ದೇನೆ. ನಿವೃತ್ತಿಯ ಬಳಿಕ, ಕೆರೆಯ ಏರಿಯ ಮೇಲಿನ ಶಾಸನವೊಂದರ ಕಾಲವನ್ನು ಮರಳಿ ಪರಿಶೀಲಿಸಲು ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಿಸಿಲೇರಿದಾಗ ಪಂಚಾಯಿತಿಯ ಶಿಶುಪಾಲನಾ ಕೇಂದ್ರದ ಜಗಲಿಯೇ ನನಗೆ ಆಸರೆ. ಕೆರೆ ಕೆಲಸದ ತಾಯಂದಿರು ಎಳೆಯ ಮಕ್ಕಳನ್ನು ಅಲ್ಲಿ ಬಿಟ್ಟುಹೋಗುತ್ತಿದ್ದರು.

ಅವರಲ್ಲೊಬ್ಬಳ ಗಂಡ ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಹಮಾಲಿ. ಅತ್ತೆ ಹಗಲೆಲ್ಲ ಕುರಿಗಳ ಹಿಂದೆ. ಅವಳ ಹೆಣ್ಣುಕೂಸು ಕೇಂದ್ರದಲ್ಲಿ ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಅಳು ಕೆರೆಯಂಗಳಕ್ಕೆ ಕೇಳಿಸಿದೊಡನೆ ಅವಳು ಬುಟ್ಟಿ ಬಿಟ್ಟು ಓಡಿಬರುತ್ತಿದ್ದಳು. ಹೀಗೇ ಮುಂದುವರಿದರೆ ಕೂಲಿಯನ್ನೇ ಬಿಡಬೇಕಾಗುತ್ತಿತ್ತು.

“ಇವತ್ತೂ ಮಲಗ್ಲಿಲ್ವೇನಕ್ಕಾ?” ಒಂದು ದಿನ ಓಡಿಬಂದವಳೇ ಕೇಳಿದಳು.

“ಎಲ್ಲಿ ಮಲಗ್ತಾಳೆ? ನಿನ್ ಮಗಳೇ ನಮ್ಮನ್ನೆಲ್ಲ ಮಲಗಿಸ್ತಾಳೆ ನೋಡು!” ಎಂದರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಪಾಲಕಿ.

ತಾಯಿ ಉಟ್ಟ ಹಳೆಯ ಸೀರೆಯಲ್ಲಿ ಜೋಲಿ ಕಟ್ಟುವುದು ಇಲ್ಲಿನ ರೂಢಿ. ಕೇಂದ್ರದಲ್ಲಿಯೂ ಹಾಗೆಯೇ. ಆದರೆ ಪಾಲಕಿ ಶುಚಿತ್ವದಲ್ಲಿ ಬಲು ಬಿಗಿ. ಬಂದ ಸೀರೆಯನ್ನೆಲ್ಲ ಸೋಪು ಹಾಕಿ ಒಗೆದು, ಬಿಸಿಲಿಗೆ ಹರವಿಯೇ ಕಟ್ಟುತ್ತಿದ್ದರು. ಅಂದು ತಾಯಿ ಜೋಲಿಯನ್ನು ಮೂಸಿ ನೋಡಿದಳು.

“ಅಕ್ಕಾ, ಇದ್ರಾಗೆ ನಾನೇ ಇಲ್ಲ. ಬರೀ ಸೋಪು ಐತೆ. ಕುರಿಮರಿನೂ ಮೂಸೇ ಅವ್ವನ್ನ ಗುರ್ತು ಹಿಡೀತತೆ.”

“ನಮ್ಮನ್ಯಾಗೆ ಕುರಿ ಇಲ್ಲ ಕಣವ್ವ, ನಂಗೇನ್ ಗೊತ್ತು?”

ಮರುದಿನ ಅವಳು ತಂದದ್ದು ಹಿಂದಿನ ದಿನವಿಡೀ ಮಣ್ಣು ಹೊತ್ತಾಗ ಉಟ್ಟಿದ್ದ ಸೀರೆ. ಪಾಲಕಿ ಮುಖ ಕಿವುಚಿದರು.

“ಒಗೀಬ್ಯಾಡ್ರಿ ಅಕ್ಕಾ, ಕೈ ಮುಗೀತೀನಿ.”

ಪಾಲಕಿ ಸೀರೆಯನ್ನು ಅಂಗಳದಲ್ಲಿ ಕೊಡವಿ, ಒಳಗೆ ಮಡಿಬಟ್ಟೆಯೊಂದನ್ನು ಹಾಸಿ, ಜೋಲಿ ಕಟ್ಟಿದರು. ಕೂಸು ಸೀರೆಯ ಮಡಿಕೆಗೆ ಮೂಗು ತಾಗಿಸಿ, ಅಂಚನ್ನು ಚೀಪುತ್ತಾ ನಿದ್ದೆ ಹೋಯಿತು. ತಾಯಿ ಬಾಗಿಲಲ್ಲೇ ನಿಂತಿದ್ದಳು.

“ಇನ್ನೂ ಇಲ್ಲೇ ಅದೀಯಾ? ಮೇಸ್ತ್ರಿ ಕೂಗ್ತಾನೆ, ನಡಿ!”

ಬಡ ತಾಯಂದಿರಿಗೆ ಇಂಥದೊಂದು ಸೂರು ಒದಗಿಸಿದ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆ ಸೂರಿನಡಿ ತನ್ನ ಬಿಗಿ ನಿಯಮವನ್ನು ಒಂದು ಕೂಸಿಗಾಗಿ ಸಡಿಲಿಸಿದ ಪಾಲಕಿಯನ್ನು ಇನ್ನೂ ಹೆಚ್ಚಾಗಿ ಗೌರವಿಸುತ್ತೇನೆ. ಶಾಸನದ ಕಾಲ ಇಂದಿಗೂ ಖಚಿತವಾಗಿಲ್ಲ. ಆದರೆ ನನ್ನ ಕೊನೆಯ ಭೇಟಿಯವರೆಗೂ ಆ ತಾಯಿ ಕೆರೆಯಂಗಳದಲ್ಲಿ ಮಣ್ಣು ಹೊರುತ್ತಿದ್ದಳೆಂಬುದು ಖಚಿತ. ಜೋಲಿಯ ಸೀರೆ ಕೊಳೆಯಾದಾಗ ಅದನ್ನು ಪಾಲಕಿ ಒಗೆಯಲು ಬಿಚ್ಚುತ್ತಿದ್ದರು. ತಾಯಿ ಉಟ್ಟು ಬಿಟ್ಟ, ಒಗೆಯದ ಇನ್ನೊಂದು ಸೀರೆ ಅಷ್ಟರಲ್ಲಿ ಬಂದಿರುತ್ತಿತ್ತು.