ಯಜಮಾನನ ತಪ್ಪಿಗೆ ಮಾಫಿ ಯಾರು ಕೊಡಬೇಕು?

ಮಾವಳ್ಳಿ ಕಡೆಯ ನಮ್ಮ ಮೀನುಗಾರರ ಕೇರಿಗೆ ಲಿಂಗಪ್ಪ ಯಜಮಾನನಾಗಿದ್ದಷ್ಟು ಕಾಲ ಯಾರೂ ಹೊನ್ನಾವರದ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಪಾಲಿನ ಮೀನು ಕದ್ದವನಿಗೂ, ಕುಡಿದು ಹೆಂಡತಿಗೆ ಹೊಡೆದವನಿಗೂ ಶಿಕ್ಷೆ ಹಾಕುವವನು ಅವನೇ, ಮಾಫಿ ಮಾಡುವವನೂ ಅವನೇ. ಮಹಾ ಒರಟ. ಅವನು ದಡದಲ್ಲಿ ನಿಂತು ಬೈಯಲು ಶುರುಮಾಡಿದರೆ ಕಾಗೆಗಳೂ ಜಾಗ ಖಾಲಿ ಮಾಡುತ್ತಿದ್ದವು.

ಆದರೆ ಅವನ ಮಾಫಿಗೂ ಒಂದು ಕಟ್ಟು ಇತ್ತು. ತಪ್ಪು ಮಾಡಿದವನು ತೆಂಗಿನಕಾಯಿ ಹಿಡಿದು, ನೊಂದವರ ಬಾಗಿಲಿಗೆ ಹೋಗಬೇಕು. ಅವರು ಕಾಯಿ ತೆಗೆದುಕೊಂಡರೆ ಮಾತ್ರ ಯಜಮಾನ 'ಆತು' ಎನ್ನಬಹುದು. ಅಲ್ಲಿಯವರೆಗೆ ತಪ್ಪು ಮಾಡಿದವನು, ಕೇರಿಯೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಹಗ್ಗ ಮುಟ್ಟುವಂತಿಲ್ಲ, ಅವನ ಮನೆಗೆ ಮೀನಿನ ಪಾಲೂ ಇಲ್ಲ. ಹಂಗಾಮಿನ ಮೊದಲ ದಿನ ಹಗ್ಗಕ್ಕೆ ಮೊದಲು ಕೈ ಹಾಕುವವನು ಯಜಮಾನ. ಅವನು ಮುಟ್ಟದೆ ಬಲೆ ನೀರಿಗಿಳಿಯದು.

ನಲವತ್ತೊಂಬತ್ತನೇ ಇಸವಿ, ಮಳೆಗಾಲ ಹತ್ತಿರವಾಗಿ ಮೋಡ ಕಟ್ಟಿತ್ತು. ಇನ್ನೊಂದು ಸಲ ಬಲೆ ಬಿಡೋಣ ಎಂದ ಲಿಂಗಪ್ಪ. ದೋಣಿಯವರಲ್ಲಿ ಬೊಮ್ಮ ಎಂಬವನೊಬ್ಬ ಬೇಡ ಎಂದ. "ಹೆದ್ರೂವವ ಹೆಂಡ್ತಿ ಸೆರಗು ಹಿಡ್ಕಂಡು ಕೂತ್ಕ" ಎಂದುಬಿಟ್ಟ ಲಿಂಗಪ್ಪ. ಅಷ್ಟು ಜನರೆದುರು ಆ ಮಾತು ಕೇಳಿ ಯಾವ ಗಂಡಸು ದಡದಲ್ಲಿ ನಿಂತಾನು? ದೋಣಿ ಮಗುಚಿತು. ಉಳಿದವರು ಈಜಿ ಬಂದರು, ಬೊಮ್ಮ ಬರಲಿಲ್ಲ.

ಮಳೆ ಮುಗಿದು, ಹೊಸ ಹಂಗಾಮಿಗೆಂದು ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆಯೂ ಆಯಿತು. ಮೀನಿನ ಹಿಂಡು ದಡದ ಹತ್ತಿರವೇ ಕಾಣುತ್ತಿತ್ತು. ಬೊಮ್ಮನ ಸಾವು ತನ್ನ ತಪ್ಪು ಎಂದು ಲಿಂಗಪ್ಪ ಮಾತ್ರ ಹಗ್ಗ ಮುಟ್ಟಲೊಲ್ಲ. ಹೊನ್ನಾವರಕ್ಕೆ ಒಣಮೀನು ಮಾರಲು ಹೋಗಿದ್ದ ಅವನ ಹೆಂಡತಿಯ ತಮ್ಮ ಪಾಂಡು ಒಂದು ಉಪಾಯ ಹೊತ್ತು ತಂದ.

"ಭಾವ, ದಿಲ್ಲಿಲಿ ಹೊಸ ಕಾಯ್ದೆ ಬರೀತಿದ್ರಂತೆ. ರಾಷ್ಟ್ರಪತಿ ಅಂತ ಒಬ್ರು ಬತ್ರಂತೆ. ಗಲ್ಲಾದವಂಗೂ ಅವ್ರು ಮಾಫಿ ಮಾಡೂಕೆ ಆತದಂತೆ. ನಮ್ಮ ಕೇರಿಗೆ ನೀವೇ ರಾಷ್ಟ್ರಪತಿ. ನಿಮ್ಮ ತಪ್ಪು ನೀವೇ ಮಾಫಿ ಮಾಡ್ಕಣಿ, ಬಲೆ ಬಿಡುವಾ."

"ತಮಗೆ ತಾವೇ ಮಾಫಿ ಮಾಡ್ಕಂಬೂಕೆ ಆತದಾ ಅವ್ರಿಗೆ?"

"ಅದ್ ಎಂತದೋ ನಾ ಕೇಳಿಲ್ಲ."

"ಕೇಳ್ಕಂಡು ಬಾ."

ಪಾಂಡು ಮತ್ತೆ ಹೋಗಿ ವಕೀಲರನ್ನು ಕೇಳಿ ಬಂದ. ಕೋರ್ಟು ಶಿಕ್ಷೆ ಕೊಟ್ಟವರಿಗೆ ರಾಷ್ಟ್ರಪತಿಯ ಮಾಫಿ, ಅದೂ ಮಂತ್ರಿಗಳ ಸಲಹೆಯಂತೆ. ತನಗೆ ತಾನೇ ಕೊಟ್ಟುಕೊಳ್ಳುವ ಮಾತು ಹೊಸ ಕಾಯ್ದೆಯ ಕರಡಿನಲ್ಲಿ ಎಲ್ಲೂ ಇಲ್ಲ ಎಂದಿದ್ದರಂತೆ.

"ಆಗೂದಿಲ್ಲ ಅಂತನೂ ಬರೀಲಿಲ್ಲ ಭಾವ" ಎಂದ ಪಾಂಡು, ಗೆದ್ದವನ ಹಾಗೆ.

"ನಾ ಕೊಟ್ಟದ್ದ ನಾನೇ ತಕಂಡ್ರೆ ಅದು ಮಾಫಿ ಅಲ್ಲ, ಕಳ್ಳತನ" ಎಂದ ಲಿಂಗಪ್ಪ. ಕಾಯಿ ಹಿಡಿದು ಬೊಮ್ಮನ ಹೆಂಡತಿ ನಾಗಿಯ ಬಾಗಿಲಿಗೆ ಹೋದ. ನಾಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ನಮ್ಮ ಕೇರಿ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಲೆ ನಿಂತು ಒಲೆ ಉರಿಯದ ಸಿಟ್ಟನ್ನೆಲ್ಲ ಆ ವಿಧವೆಯ ಮೇಲೆ ಕಾರಿದರು. ಒಂದು ಕಾಯಿ ತೆಗೆದುಕೊಳ್ಳಲು ಇವಳಿಗೇನು ರೋಗ ಎಂದು ಅವಳ ಅಂಗಳದಲ್ಲೇ ನಿಂತು ಕೂಗಿದರು. ಲಿಂಗಪ್ಪನಿಗೆ ತಿಳಿಯಿತು. ಬಂದವನು ಅವರನ್ನೆಲ್ಲ ಅಟ್ಟಿ, ಅಲ್ಲೇ ತಲೆಯ ರುಮಾಲು ಬಿಚ್ಚಿ ಪಾಂಡುವಿನ ಕೈಗಿಟ್ಟ.

"ಇನ್ನು ಯಜಮಾನ ನೀನು. ನಾಳೆ ಹಗ್ಗ ಮುಟ್ಟು."

"ಹಂಗಾರೆ ನಾನೇ ನಿಮಗೆ ಮಾಫಿ..."

"ನಾಗಿ ಕಾಯಿ ತಕಂಡ್ಳಾ?"

ಪಾಂಡು ರುಮಾಲನ್ನು ತಲೆಗೆ ಸುತ್ತಿಕೊಂಡ.

ಮರುದಿನ ಬಲೆ ತುಂಬಿ ಬಂತು. ದಡದಲ್ಲಿ ರಾಶಿ ಹಾಕಿ ಪಾಲು ಮಾಡುವಾಗ ಲಿಂಗಪ್ಪ ದೂರದಲ್ಲಿ ಮರಳಿನ ಮೇಲೆ ಕೂತಿದ್ದ. ಊರನ್ನೇ ನಡುಗಿಸಿದ ಮನುಷ್ಯ ಬರಿಗೈಯಲ್ಲಿ ಕೂತದ್ದು ಕಂಡು ನನಗೆ ಸಂಕಟವಾಯಿತು. ನಾಗಿ ಸತ್ತ ಗಂಡನ ಹೆಸರಿನಲ್ಲಿ ತನಗೆ ಬಂದ ಪಾಲನ್ನು ಬುಟ್ಟಿಗೆ ತುಂಬಿಕೊಂಡವಳು ನೇರ ಅವನ ಬಳಿಗೆ ಹೋಗಿ, ಅರ್ಧ ಮೀನನ್ನು ಅವನ ಮುಂದೆ ಸುರಿದಳು.

ಅವನು ತಡಬಡಿಸಿ ಎದ್ದ. "ನಾಗಿ, ಹಂಗಾರೆ..."

"ಮಾಫಿ ಅಲ್ಲ" ಎಂದಳು ನಾಗಿ. "ನೀವು ಆಡಿದ ಮಾತು ನನ್ನ ಕಿವಿಯಿಂದ ಹೋಗೂದಿಲ್ಲ. ಕಾಯಿ ನಾ ತಕಂಬೂದಿಲ್ಲ ಯಜಮಾನ್ರೆ. ನಿಮ್ಮ ಮೊಮ್ಮಕ್ಕಳು ಹಸ್ಕಂಡಿರ್ತವೆ, ತಕಂಡು ಹೋಗಿ."

ಲಿಂಗಪ್ಪ ಮೀನಿನ ಮುಂದೆ ಕುಸಿದು ಕೂತು, ಕೇರಿಯವರೆಲ್ಲರ ಎದುರೇ ಅತ್ತುಬಿಟ್ಟ.