ಕಡ್ಡಿ ಮೇಷ್ಟ್ರು ಹೊಲಕ್ಕಿಳಿದದ್ದು

ವಿಮಾನ ಹಾರಿಸುವುದನ್ನು ಕಲಿಸುವ ಆ ಸಣ್ಣ ಕ್ಲಬ್ಬಿನಲ್ಲಿ ಅವರಿಗೆ ಕಡ್ಡಿ ಮೇಷ್ಟ್ರು ಎಂದೇ ಹೆಸರು. ಇಂಧನ ತೋರಿಸುವ ಮುಳ್ಳನ್ನು ನಂಬಬೇಡಿ, ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೋಡಿ ಎಂದು ಇಪ್ಪತ್ತು ವರ್ಷದಿಂದ ಕಲಿಯಲು ಬಂದವರ ತಲೆ ತಿನ್ನುತ್ತಿದ್ದರು. ಮುಳ್ಳು ಸುಳ್ಳು ಹೇಳುತ್ತಿದ್ದದ್ದೂ ನಿಜವೇ. ಹಾಗೆನ್ನುವಾಗಲೆಲ್ಲ ಕ್ಲಬ್ಬಿನ ಮೆಕ್ಯಾನಿಕ್ ಕಡೆಗೊಂದು ಓರೆನೋಟ ಬೀರುವುದು ಮಾತ್ರ ಅವರ ಸ್ವಂತ ಸೇರ್ಪಡೆ.

ಇಂಥ ಮಹಾಜ್ಞಾನಿ (ಅವರೀಗ ತಮ್ಮನ್ನು ತಾವು ಕರೆದುಕೊಳ್ಳುವುದೇ ಹೀಗೆ) ಒಂದು ಭಾನುವಾರ ಹೆಂಡತಿಯನ್ನು ಮೊದಲ ಸಲ ವಿಮಾನ ಹತ್ತಿಸಿದರು. ನಿಮ್ಮ ಜೊತೆ ಸ್ಕೂಟರ್ ಹತ್ತಿದ್ದೇ ಸಾಕು ಎಂದು ಮೂವತ್ತು ವರ್ಷ ತಪ್ಪಿಸಿಕೊಂಡಿದ್ದ ಆಕೆ ಅಂತೂ ಒಪ್ಪಿದ್ದರು. ಮೇಷ್ಟ್ರು ಆಕೆ ನೋಡಲೆಂದೇ ಕಡ್ಡಿಯನ್ನು ಠೀವಿಯಿಂದ ಇಳಿಸಿ, ಎತ್ತಿ, ಅರ್ಧ ಟ್ಯಾಂಕ್ ಇದೆ ಎಂದು ಸಾರಿದರು. ಕ್ಲಬ್ಬಿನಲ್ಲಿದ್ದದ್ದು ಎರಡು ವಿಮಾನ, ಎರಡು ಕಡ್ಡಿ. ಟ್ಯಾಂಕಿನ ಆಳ ಬೇರೆ, ಕಡ್ಡಿಯ ಗೆರೆಗಳೂ ಬೇರೆ. ಜಂಬದ ಭರದಲ್ಲಿ ಅವರು ಹಿಡಿದದ್ದು ಪಕ್ಕದ ವಿಮಾನದ ಕಡ್ಡಿ.

ಮೇಲೇರಿ ಹತ್ತು ನಿಮಿಷವಾದ ಮೇಲೆ ಹೆಂಡತಿ, ಆ ಮುಳ್ಳು ಯಾಕೆ ತಳ ಹಿಡಿದಿದೆ ಎಂದು ಕೇಳಿದರು. ಮೇಷ್ಟ್ರು ನಕ್ಕು, ಅದು ಹುಟ್ಟಾ ಸುಳ್ಳುಗಾರ ಎಂದು ಪಾಠ ಶುರುಮಾಡಿದರು. ಪಾಠ ಮುಗಿಯುವ ಮೊದಲೇ ಎಂಜಿನ್ ಕೆಮ್ಮಿ ನಿಂತಿತು. ಹಿಂದಿನ ಸಂಜೆ ಮೆಕ್ಯಾನಿಕ್ ಬಂದು, ಹೊಸ ಭಾಗ ಹಾಕಿ ಮುಳ್ಳು ಸರಿಮಾಡಿದ್ದೇನೆ ಎಂದದ್ದು, ತಾವು ಪೇಪರಿನಿಂದ ತಲೆ ಎತ್ತದೆ ಹ್ಞೂಂಗುಟ್ಟಿದ್ದು ಆಗ ನೆನಪಾಯಿತು.

ವಿಮಾನ ಆಲೂಗಡ್ಡೆ ಹೊಲಕ್ಕೆ ಇಳಿಯಿತು ಎನ್ನುವುದಕ್ಕಿಂತ ಬಿತ್ತು ಎನ್ನುವುದೇ ಸರಿ. ಚಕ್ರ ಮುರಿಯಿತು, ಮೂತಿ ಮಣ್ಣಲ್ಲಿ ಹೂತಿತು, ಇಬ್ಬರಿಗೂ ತರಚುಗಾಯವಷ್ಟೇ ಆಯಿತು. ಹೆಂಡತಿ ಮಣ್ಣು ಕೊಡವಿಕೊಂಡು, ಓಡಿಬಂದ ಹೊಲದವನನ್ನು ಬಸ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಮರುದಿನ ಕ್ಲಬ್ಬಿನ ಕಾರ್ಯದರ್ಶಿ ಮನೆಗೆ ಬಂದು ಒಂದು ಉಪಾಯ ಹೇಳಿದರು. ಅಪಘಾತದ ವರದಿಯಲ್ಲಿ ಮುಳ್ಳು ಕೈಕೊಟ್ಟಿತು ಎಂದು ಬರೆದುಬಿಟ್ಟರೆ ಮೇಷ್ಟ್ರ ಲೈಸೆನ್ಸ್ ಉಳಿಯುತ್ತದೆ. ಮೆಕ್ಯಾನಿಕ್‌ನ ಕೆಲಸ ಹೋಗುತ್ತದೆ, ಅಷ್ಟೇ. ಎಲ್ಲರೂ ನಂಬುತ್ತಾರೆ, ಮುಳ್ಳಿನ ಮಾನ ಇಷ್ಟು ವರ್ಷ ಹರಾಜು ಹಾಕಿದವರು ಮೇಷ್ಟ್ರೇ ತಾನೇ. ಮೇಷ್ಟ್ರಿಗೆ ಆಸೆಯಾಯಿತು. ಹಾರುವುದೊಂದು ಬಿಟ್ಟರೆ ಅವರಿಗೆ ಬೇರೇನೂ ಬಾರದು, ಹಾಲು ಕಾಯಿಸಲು ನಿಂತರೂ ಉಕ್ಕಿಸುತ್ತಿದ್ದರು. ‘ಮುಳ್ಳು’ ಎಂದಷ್ಟೇ ಬರೆದು ಒಂದು ಗಂಟೆ ಪೆನ್ನು ಕಚ್ಚುತ್ತ ಕೂತರು. ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ಕೊನೆಗೆ ವಾಕ್ಯ ಮುಗಿಸಿದರು: ಮುಳ್ಳು ಸರಿಯಾಗಿಯೇ ತೋರಿಸುತ್ತಿತ್ತು, ಬೇರೆ ವಿಮಾನದ ಕಡ್ಡಿ ಹಿಡಿದವನು ನಾನು.

ಲೈಸೆನ್ಸ್ ಹೋಯಿತು. ಮೇಜಿನ ಸಾಮಾನು ಚೀಲಕ್ಕೆ ತುಂಬಲು ಕ್ಲಬ್ಬಿಗೆ ಹೋದ ದಿನ ಮೆಕ್ಯಾನಿಕ್ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು ನಿಂತ. ಇವನು ಉಪಕಾರ ಆಯ್ತು ಅನ್ನುತ್ತಾನೆ, ತಾವು ದೊಡ್ಡ ಮನಸ್ಸಿನಿಂದ ಇರಲಿ ಬಿಡಯ್ಯ ಅನ್ನಬೇಕು ಎಂದುಕೊಂಡು ಮೇಷ್ಟ್ರು ಮುಖ ಸಜ್ಜು ಮಾಡಿಕೊಂಡರು.

"ನೀವು ಬರೆದದ್ದು ಓದಿದೆ ಮೇಷ್ಟ್ರೇ," ಎಂದ ಅವನು. "ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸ ಸರಿ ಇದೆ ಅಂತ ನೀವು ಹೇಳಿದ್ದು ಇದೇ ಮೊದಲು."