ಪೋಪರಿಗೊಂದು ನೋಟಿಸು

ಬಿಷಪ್ಪರ ಕಚೇರಿಯ ನ್ಯಾಯಮಂಡಳಿಯಲ್ಲಿ ಟೈಪಿಸ್ಟಮ್ಮನದು ಇಪ್ಪತ್ತಾರು ವರ್ಷಗಳಿಂದ ಒಂದೇ ಪದ್ಧತಿ: ದೂರು ಬಂದರೆ ನಂಬರು, ನಂಬರು ಬಿದ್ದರೆ ಎದುರು ಪಕ್ಷಕ್ಕೆ ನೋಟಿಸು. ಬರುತ್ತಿದ್ದುದೆಲ್ಲ ಗಂಡ ಹೆಂಡಿರ ಜಗಳ. ಓದುವುದೇನಿದೆ ಎಂದು ಹೆಸರು ನೋಡಿ ಟೈಪು ಕುಟ್ಟುತ್ತಿದ್ದಳು. ಮೊನ್ನೆಯೂ ಕುಟ್ಟಿದಳು. ಲಕೋಟೆಯ ಮೇಲೆ ವಿಳಾಸ ಬರೆಯಲು ಹೋದಾಗಲೇ ದೂರನ್ನು ಓದಿದ್ದು. ಪೋಪರ ಬೋಧನೆ ಧರ್ಮಕ್ಕೆ ವಿರುದ್ಧವಾಗಿದೆ, ಅವರನ್ನು ಪೀಠದಿಂದ ಇಳಿಸಿ ಎಂದು ನಿವೃತ್ತ ಮೇಷ್ಟ್ರೊಬ್ಬರು ದೂರು ಕೊಟ್ಟಿದ್ದರು. ಇವಳ ನೋಟಿಸು ಪೋಪರಿಗೆ, "ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗತಕ್ಕದ್ದು" ಎಂದಿತ್ತು.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನ್ಯಾಯಾಧೀಶರಾದ ಪಾದ್ರಿಯ ಮುಂದೆ ಎಲ್ಲ ಒಪ್ಪಿಕೊಂಡಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪೋಪರ ವಿಚಾರಣೆ ಮಾಡೋ ಅಧಿಕಾರ ಯಾರಿಗೂ ಇಲ್ಲಮ್ಮ. ಅವರಾಗೇ ಪೀಠ ಬಿಡಬಹುದು, ಅಷ್ಟೆ. ಅವರೇ ದಾರಿ ತಪ್ಪಿದರೆ ಏನು ಗತಿ ಅಂತ ಪಂಡಿತರು ನೂರಾರು ವರ್ಷದಿಂದ ಕಿತ್ತಾಡ್ತಿದ್ದಾರೆ. ಆದರೆ ಇಳಿಸೋ ನಿಯಮ ನಮ್ಮ ಕಾನೂನು ಪುಸ್ತಕದಲ್ಲಿಲ್ಲ. ದೂರು ವಾಪಸ್ ಕಳಿಸು."

ಟೈಪಿಸ್ಟಮ್ಮನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪಾದ್ರಿಯ ನಗು ನಿಂತಿತು.

"ನೋಟಿಸು ಅಂಚೆಗೆ ಹಾಕಿಲ್ಲ ತಾನೆ?"

"ಇಲ್ಲ ಫಾದರ್. ಮೇಷ್ಟ್ರು ಪೋಪರ ಮನೆ ನಂಬರು ಬರೆದಿರಲಿಲ್ಲ."